ಕಾಣದ್ದನ್ನು ಕಾಣಿಸಿದ ಬೆಳಕು

ರಾಜ್ಯೋತ್ಸವದ ಸಂಚಿಕೆಯೆಂದರೆ ಕದಂಬರು, ಚಾಲುಕ್ಯರು, ಹೊಯ್ಸಳರು, ವಿಜಯನಗರದ ಅರಸರು ಇವರ ಸ್ಮರಣೆಗೆ ಮೀಸಲೆಂಬುದು ವಾಡಿಕೆ. ಕವಿಗಳಿಗೂ ಶರಣರಿಗೂ ದಾಸರಿಗೂ ಅದರಲ್ಲಿ ಸ್ಥಾನವುಂಟು. ಅದು ಯುಕ್ತವೇ. ಆದರೆ ಹೊರನಾಡಿನಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಬೆಳೆಯುವ ಮಕ್ಕಳ ಮನಸ್ಸಿನಲ್ಲಿ ಇದರಿಂದ ಒಂದು ತಪ್ಪು ತಿಳಿವಳಿಕೆ ಬೇರೂರುವ ಸಂಭವವೂ ಉಂಟು. ಕನ್ನಡ ನಾಡಿನ ಹಿರಿಮೆಯೆಲ್ಲ ಹಿಂದೆಂದೋ ಆಗಿಹೋದುದು, ವಿಜ್ಞಾನವೆಂಬುದು ಎಲ್ಲೋ ಕಡಲಾಚೆ ನಡೆಯತಕ್ಕದ್ದು ಎಂದು ಅವರು ಭಾವಿಸಿಯಾರು. ಆದಕಾರಣ ಈ ಸಲ ಅರಸರ ಚರಿತ್ರೆಯ ಬದಲು ಒಂದು ಬೆಳಕಿನ ಚರಿತ್ರೆಯನ್ನು ವಾಚಕರ ಮುಂದಿಡಲು ಬಯಸುತ್ತೇವೆ. ಜೀವಂತ ಕೋಶದೊಳಗೆ ಕ್ಷಣಕಾಲ ಹುಟ್ಟಿ ಮಾಯವಾಗುವ ಅಣುಗಳನ್ನು ಮನುಷ್ಯನ ಕಣ್ಣಿಗೆ ತೋರಿಸಿಕೊಡುವ ಬೆಳಕು ಅದು. ಅದು ನಡೆದುಬಂದ ದಾರಿಯ ಒಂದು ಮುಖ್ಯ ಭಾಗ, ಹಬ್ಬಕ್ಕೂ ಮದುವೆಗೂ ನಾವು ರೈಲಿನಲ್ಲಿ ಓಡಾಡುವ ಮದರಾಸು–ಬೆಂಗಳೂರು ದಾರಿಯೇ ಆಗಿದೆಯೆಂದರೆ ಕೆಲವರಿಗೆ ಆಶ್ಚರ್ಯವಾಗಬಹುದು.

ಪೆರುಂಗುಡಿಯಲ್ಲಿ ವಾಸವಾಗಿರುವ ನಾವು ವಿಜ್ಞಾನಿಗಳಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತೆಗಿರಿ ಮಾಡುವವರು. ಲೆಕ್ಕ ಬರೆಯುವವರಿಗೆ ಬೆಳಕಿನ ಗೊಡವೆ ಏಕೆಂದು ಯಾರಾದರೂ ಕೇಳಿದರೆ ನಮ್ಮ ಬಳಿ ಒಂದು ಉತ್ತರವಿದೆ. ಸರ್ ಸಿ. ವಿ. ರಾಮನ್ ಅವರೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಎಂ.ಎ. ಮುಗಿಸಿ, 1907ರಿಂದ 1917ರ ವರೆಗೆ ಸರಕಾರದ ಹಣಕಾಸು ಇಲಾಖೆಯಲ್ಲಿ ಲೆಕ್ಕಪತ್ರಗಳ ಅಧಿಕಾರಿಯಾಗಿಯೇ ಇದ್ದವರು. ಕಚೇರಿಗೆ ಮೊದಲು ಬೆಳಗ್ಗೆ, ಕಚೇರಿ ಬಿಟ್ಟ ಮೇಲೆ ಸಂಜೆ ಕಲ್ಕತ್ತೆಯ ವಿಜ್ಞಾನ ಸಂಘದ ಪ್ರಯೋಗಶಾಲೆಗೆ ಹೋಗಿ ಸಂಶೋಧನೆ ನಡೆಸುತ್ತಿದ್ದರು. ಅಂಥ ಮಹನೀಯರೊಡನೆ ನಮ್ಮನ್ನು ಹೋಲಿಸಿಕೊಳ್ಳುವ ಧಾರ್ಷ್ಟ್ಯ ನಮಗಿಲ್ಲ. ಲೆಕ್ಕಕ್ಕೂ ಬೆಳಕಿಗೂ ಹಗೆತನವಿಲ್ಲವೆಂದು ಹೇಳಿದೆವು, ಅಷ್ಟೆ.

ಮೊದಲು ಈ ಬೆಳಕು ಯಾವುದೆಂದು ತಿಳಿಯೋಣ. ಬ್ಯಾಂಕಿನ ನಗದು ಕೌಂಟರಿನಲ್ಲಿ ನೋಟನ್ನು ನೇರಳಾತೀತ ದೀಪದ ಕೆಳಗೆ ಹಿಡಿಯುವುದನ್ನು ವಾಚಕರು ನೋಡಿರಬಹುದು. ಸಾಧಾರಣ ಬೆಳಕಿನಲ್ಲಿ ಸುಮ್ಮನಿದ್ದ ನೋಟಿನ ಸಂಖ್ಯೆ ಆಗ ಫಳಕ್ಕನೆ ಹೊಳೆಯುತ್ತದೆ. ಕಾಗದದೊಳಗೆ ಅಡಗಿದ ಸಣ್ಣ ಎಳೆಗಳೂ ಮಿನುಗುತ್ತವೆ. ದೀಪದಿಂದ ಬರುವ ನೇರಳಾತೀತ ಕಿರಣ ಕಣ್ಣಿಗೆ ಕಾಣದು. ಶಾಯಿಯಲ್ಲಿರುವ ಅಣು ಅದನ್ನು ನುಂಗಿ, ಕಣ್ಣಿಗೆ ಕಾಣುವ ಬಣ್ಣವಾಗಿ ಹಿಂದಿರುಗಿಸುತ್ತದೆ. ಹತ್ತು ರೂಪಾಯಿ ಪಡೆದವನು ಎಂಟನ್ನು ಹಿಂದಿರುಗಿಸಿ ಎರಡನ್ನು ಖರ್ಚುಮಾಡಿಕೊಂಡಂತೆ, ಅಣುವು ಪಡೆದ ಶಕ್ತಿಯಲ್ಲಿ ಸ್ವಲ್ಪವನ್ನು ಶಾಖವಾಗಿ ಕಳೆದು ಉಳಿದುದನ್ನು ಬೆಳಕಾಗಿ ಕೊಡುತ್ತದೆ. ಕೊಡುವ ಬೆಳಕು ಪಡೆದುದಕ್ಕಿಂತ ಕಡಿಮೆ ಶಕ್ತಿಯದಾದ್ದರಿಂದಲೇ ಬಣ್ಣ ಬದಲಾಗುತ್ತದೆ. ದೀಪ ಆರಿಸಿದ ಕೂಡಲೆ ಈ ಹೊಳಪೂ ನಿಲ್ಲುತ್ತದೆ. ಇದಕ್ಕೆ ಕನ್ನಡದಲ್ಲಿ ‘ಪ್ರತಿದೀಪ್ತಿ’ ಎಂದು ಹೆಸರು. ನಮ್ಮ ಮನೆಗಳಲ್ಲಿ ಬಹುಕಾಲ ಉರಿದ ಟ್ಯೂಬ್‌ಲೈಟಿನ ಒಳಗೋಡೆಗೆ ಬಳಿದ ಬಿಳಿಯ ಪುಡಿಯೂ ಇದೇ ಕೆಲಸ ಮಾಡುತ್ತಿತ್ತು. ಅಡಿಗೆಮನೆಯ ಅರಿಶಿನದಲ್ಲಿಯೂ ಈ ಗುಣವಿದೆ.

ಈ ವಿದ್ಯಮಾನಕ್ಕೆ ಹೆಸರಿಟ್ಟವರು ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿದ್ದ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಎಂಬ ವಿದ್ವಾಂಸರು. 1852ರಲ್ಲಿ ಅವರು ಬಿಸಿಲನ್ನು ಪಟ್ಟಕದಿಂದ ಏಳು ಬಣ್ಣವಾಗಿ ಬಿಡಿಸಿ, ಕ್ವಿನೈನ್ ಕರಗಿಸಿದ ನೀರಿನ ಕೊಳವೆಯನ್ನು ನೇರಳೆ ಬಣ್ಣದ ಆಚೆ, ಬರಿಗಣ್ಣಿಗೆ ಕತ್ತಲೆಯಾಗಿ ಕಾಣುವ ಜಾಗದಲ್ಲಿ ಹಿಡಿದರು. ಕತ್ತಲೆಯಲ್ಲಿ ಕೊಳವೆ ನೀಲಿಯಾಗಿ ಬೆಳಗಿತು. ಚಳಿಜ್ವರಕ್ಕೆ ಕೊಡುತ್ತಿದ್ದ ಕಹಿ ಮದ್ದೇ ಈ ಶಾಸ್ತ್ರದ ಮೊದಲ ಸಾಕ್ಷಿಗಳಲ್ಲಿ ಒಂದಾಯಿತು. ಈ ಮದ್ದಿನ ಕುಲದ ಇನ್ನೊಂದು ಔಷಧ ನಮ್ಮ ಕಥೆಯ ಕೊನೆಗೆ ಮತ್ತೆ ಬರುವುದಾದ್ದರಿಂದ ಇದನ್ನು ನೆನಪಿಡಬೇಕೆಂದು ವಾಚಕರಲ್ಲಿ ಪ್ರಾರ್ಥನೆ.

1871ರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ಫ್ಲೋರಸೀನ್ ಎಂಬ ಹಸುರು ದೀಪ್ತಿಯ ಬಣ್ಣವನ್ನು ತಯಾರಿಸಿದರು. ಆ ದೇಶದ ಡ್ಯಾನ್ಯೂಬ್ ನದಿಯ ನೀರು ಒಂದೆಡೆ ನೆಲದೊಳಗೆ ಇಂಗಿಹೋಗುತ್ತದೆ. ಅದು ಎಲ್ಲಿ ಹೊರಡುತ್ತದೆಂಬುದು ಬಹುಕಾಲದ ವ್ಯಾಜ್ಯವಾಗಿತ್ತು. 1877ರಲ್ಲಿ ಈ ಬಣ್ಣವನ್ನು ನದಿಗೆ ಸುರಿದಾಗ, ಸುಮಾರು ಎರಡೂವರೆ ದಿನದ ಮೇಲೆ ದೂರದ ಆಖ್ ಎಂಬ ಹೊಳೆಯ ಬುಗ್ಗೆ ಹಸುರಾಗಿ ಉಕ್ಕಿತು. ಕಾಣದ ದಾರಿಯಲ್ಲಿ ಬೆಳಗುವ ದೂತನೊಬ್ಬನನ್ನು ಕಳುಹಿಸಿ ಸುದ್ದಿ ತರಿಸುವ ಉಪಾಯ ಇದು. ನದಿಗೆ ಸಾಧ್ಯವಾದುದು ಜೀವಕೋಶಕ್ಕೂ ಸಾಧ್ಯವಾಗಲು ಇನ್ನೂ ನೂರು ವರ್ಷ ಬೇಕಾಯಿತು.

ಈ ನಡುವೆ ನಮ್ಮ ದೇಶದಲ್ಲಿ ಪ್ರತಿದೀಪ್ತಿಯ ಹೆಸರು ಕೇಳಿಬಂದದ್ದು ಒಂದು ವಿಚಿತ್ರ ರೀತಿಯಿಂದ. 1923ರಲ್ಲಿ ರಾಮನ್ನರ ಶಿಷ್ಯರಾದ ಕೆ. ಆರ್. ರಾಮನಾಥನ್ ಕಲ್ಕತ್ತೆಯಲ್ಲಿ ದ್ರವಗಳಿಂದ ಚೆದುರಿದ ಬೆಳಕನ್ನು ಪರೀಕ್ಷಿಸುತ್ತಿದ್ದಾಗ, ಇರಬಾರದ ಬಣ್ಣದ ಒಂದು ಮಸುಕು ಬೆಳಕು ಕಂಡುಬಂತು. ದ್ರವದಲ್ಲಿ ಯಾವುದೋ ಕಲ್ಮಷವಿದೆ, ಅದರ ‘ದುರ್ಬಲ ಪ್ರತಿದೀಪ್ತಿ’ ಇದಾಗಿರಬೇಕು ಎಂದು ಎಣಿಸಿದರು. ದ್ರವವನ್ನು ಮತ್ತೆ ಮತ್ತೆ ಶುದ್ಧಿಮಾಡಿದರೂ ಆ ಬೆಳಕು ಹೋಗಲಿಲ್ಲ. ಲೆಕ್ಕದಲ್ಲಿ ಒಂದು ಪೈಸೆ ತಾಳೆಯಾಗದಿದ್ದರೆ ‘ಹೋಗಲಿ ಬಿಡಿ’ ಎನ್ನುವ ಗುಮಾಸ್ತನಿದ್ದಾನೆ. ರಾತ್ರಿಯಿಡೀ ಕುಳಿತು ಹುಡುಕುವ ಗುಮಾಸ್ತನೂ ಇದ್ದಾನೆ. ರಾಮನ್ನರು ಎರಡನೆಯ ಜಾತಿಯವರು. ಆ ಮಸುಕು ಬೆಳಕು ಪ್ರತಿದೀಪ್ತಿಯಲ್ಲ, ಬೇರೆಯೇ ಒಂದು ವಿಕಿರಣವೆಂದು 1928ರ ಫೆಬ್ರವರಿ 28ರಂದು ಖಚಿತವಾಯಿತು. ಅದನ್ನು ವಿಸ್ತಾರವಾಗಿ ವಿದ್ವಾಂಸರ ಸಭೆಯ ಮುಂದಿಟ್ಟದ್ದು ಅದೇ ವರ್ಷದ ಮಾರ್ಚಿ 16ರಂದು, ಬೆಂಗಳೂರಿನಲ್ಲಿ. 1930ರಲ್ಲಿ ನೊಬೆಲ್ ಪಾರಿತೋಷಕ ಬಂತು. 1933ರಲ್ಲಿ ರಾಮನ್ನರು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. 1970ರಲ್ಲಿ ತೀರಿಕೊಳ್ಳುವವರೆಗೆ ಅದೇ ಅವರ ಊರಾಯಿತು. ಅವರು ಹುಟ್ಟಿದ್ದು ನವೆಂಬರ್ 7ರಂದು, ತೀರಿಕೊಂಡದ್ದು ನವೆಂಬರ್ 21ರಂದು. ರಾಜ್ಯೋತ್ಸವದ ತಿಂಗಳಲ್ಲಿ ಅವರನ್ನು ನೆನೆಯಲು ಇದೂ ಒಂದು ನೆಪ.

ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ರಾಮನ್ನರು ಕೈಗೊಂಡ ವಿಷಯಗಳಲ್ಲಿ ವಜ್ರದ ದೀಪ್ತಿಯೂ ಒಂದು. ಆ ಕೆಲಸ ಬಿದ್ದದ್ದು ಕುಮಾರಿ ಅನ್ನಾ ಮಣಿ ಎಂಬ ತರುಣಿಯ ಪಾಲಿಗೆ. ಅವರು 1918ರಲ್ಲಿ ತಿರುವಾಂಕೂರಿನ ಪೀರ್‌ಮೇಡಿನಲ್ಲಿ ಹುಟ್ಟಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಆನರ್ಸ್ ಓದಿ, ವಿದ್ಯಾರ್ಥಿವೇತನ ಪಡೆದು ಬೆಂಗಳೂರಿಗೆ ಬಂದವರು. ಮೂವತ್ತಕ್ಕೂ ಹೆಚ್ಚು ವಜ್ರಗಳ ದೀಪ್ತಿಯನ್ನು ಅವರು ಪರೀಕ್ಷಿಸಿದರು. ವಜ್ರವನ್ನು ದ್ರವರೂಪದ ಗಾಳಿಯ ಕಡುಶೀತದಲ್ಲಿಟ್ಟು, ಅದು ಬೀರುವ ಅತಿ ಮಂದ ಬೆಳಕನ್ನು ಛಾಯಾಫಲಕದ ಮೇಲೆ ಮೂಡಿಸಬೇಕಾಗಿತ್ತು. ಒಂದೊಂದು ಫಲಕಕ್ಕೆ ಹದಿನೈದರಿಂದ ಇಪ್ಪತ್ತು ಗಂಟೆ ಹಿಡಿಯುತ್ತಿತ್ತು. ಎಷ್ಟೋ ರಾತ್ರಿ ಅವರು ಪ್ರಯೋಗಶಾಲೆಯಲ್ಲಿಯೇ ಮಲಗಿದರು. 1942ರಿಂದ 1945ರ ಒಳಗೆ ವಜ್ರ ಮತ್ತು ಮಾಣಿಕ್ಯಗಳ ದೀಪ್ತಿಯ ಮೇಲೆ ಐದು ಲೇಖನಗಳು ಅವರ ಹೆಸರಿನಲ್ಲಿ ಅಚ್ಚಾದವು.

ಮುಂದಿನದು ವಿಷಾದದ ಸಂಗತಿ. ವಿಜ್ಞಾನ ಸಂಸ್ಥೆಗೆ ಆಗ ಪದವಿ ಕೊಡುವ ಅಧಿಕಾರವಿರಲಿಲ್ಲ; ಅಲ್ಲಿ ನಡೆದ ಸಂಶೋಧನೆಗೆ ಮದರಾಸು ವಿಶ್ವವಿದ್ಯಾನಿಲಯವು ಡಾಕ್ಟರೇಟ್ ಕೊಡುತ್ತಿತ್ತು. ಅನ್ನಾ ಮಣಿಯವರು 1945ರಲ್ಲಿ ತಮ್ಮ ಮಹಾಪ್ರಬಂಧವನ್ನು ಅಲ್ಲಿಗೆ ಸಲ್ಲಿಸಿದರು. ಎಂ.ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ ಡಾಕ್ಟರೇಟ್ ಸಿಗಲಿಲ್ಲ. ಆನರ್ಸ್ ಆಗಿದೆ, ಐದು ಲೇಖನಗಳಿವೆ, ರಾಮನ್ನರ ಬಳಿ ವರ್ಷಗಟ್ಟಲೆ ದುಡಿದಿದ್ದಾರೆ ಎಂಬುದಾವುದೂ ನಿಯಮದ ಮುಂದೆ ನಿಲ್ಲಲಿಲ್ಲ. ಅವರು ಇಂಗ್ಲೆಂಡಿಗೆ ಹೋಗಿ ಹವಾಮಾನದ ಉಪಕರಣಗಳ ವಿಚಾರವನ್ನು ಕಲಿತು, 1948ರಲ್ಲಿ ಮರಳಿ ಬಂದು ಪುಣೆಯ ಹವಾಮಾನ ಇಲಾಖೆಗೆ ಸೇರಿದರು. ಉಪ ಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದರು. ದೇಶದ ಬಿಸಿಲು, ಗಾಳಿಗಳ ಅಳತೆಗೆ ಭದ್ರವಾದ ತಳಹದಿ ಹಾಕಿದ ಕೀರ್ತಿ ಅವರದು. 2001ರಲ್ಲಿ ತೀರಿಕೊಂಡರು. ಪದವಿ ತಾರದ ಆ ಮಹಾಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾಲಯದಲ್ಲಿ ಉಳಿದುಕೊಂಡಿತು.

ಇನ್ನು ಜೀವಕೋಶದ ಮಾತಿಗೆ ಬರೋಣ. ನಾವು ಉಸಿರಾಡುವ ಆಮ್ಲಜನಕದ ಬಹುಪಾಲು ಕೋಶದೊಳಗೆ ಆಹಾರವನ್ನು ದಹಿಸಿ ನೀರಾಗುತ್ತದೆ. ಅಲ್ಪಸ್ವಲ್ಪ ಮಾತ್ರ ಅರೆಬೆಂದ ಅನ್ನದಂತೆ ನಡುವೆಯೇ ಉಳಿದು, ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಮುಂತಾದ ರೂಪ ತಾಳುತ್ತದೆ. ಎದುರಿಗೆ ಸಿಕ್ಕಿದ ಅಣುವಿನೊಡನೆ ಬಹುಬೇಗ ಪ್ರತಿಕ್ರಿಯೆ ನಡೆಸುವ ಇವನ್ನು ಚುರುಕು ಅಣುಗಳೆನ್ನೋಣ. ಇವು ಮಿತಿಮೀರಿದರೆ ಕೋಶಕ್ಕೆ ಹಾನಿ. ಹಾಗೆಂದು ಇವು ಬರಿಯ ವೈರಿಗಳೂ ಅಲ್ಲ. ರೋಗಾಣುವನ್ನು ನುಂಗಿದ ಬಿಳಿಯ ರಕ್ತಕಣವು ಅದನ್ನು ಕೊಲ್ಲುವುದು ಇಂಥ ಅಣುಗಳಿಂದಲೇ. ನೈಟ್ರಿಕ್ ಆಕ್ಸೈಡ್ ಎಂಬುದು ರಕ್ತನಾಳಗಳನ್ನು ಸಡಿಲಿಸುತ್ತದೆಂದು ಕಂಡುಹಿಡಿದವರಿಗೆ 1998ರಲ್ಲಿ ನೊಬೆಲ್ ಪಾರಿತೋಷಕ ಬಂತು. ಉಪ್ಪಿನಂತೆ, ಇವು ಎಷ್ಟಿವೆ, ಎಲ್ಲಿವೆ ಎಂಬುದೇ ಮುಖ್ಯ. ಕೋಶವನ್ನು ಅರೆದು ಪರೀಕ್ಷಿಸಹೋದರೆ, ಕ್ಷಣಾರ್ಧದಲ್ಲಿ ಕಳೆದುಹೋಗುವ ಈ ಅಣುಗಳು ಕೈಗೆ ಸಿಕ್ಕವು. ಕೋಶ ಬದುಕಿರುವಾಗಲೇ ನೋಡಬೇಕು. ಅದಕ್ಕೆ ಬೆಳಕಲ್ಲದೆ ಬೇರೆ ದೂತನೆಲ್ಲಿ?

1965ರಲ್ಲಿ ಕೆಸ್ಟನ್ ಮತ್ತು ಬ್ರಾಂಟ್ ಎಂಬುವರು ಬೇಯರರ ಫ್ಲೋರಸೀನಿನ ಸಂತತಿಯ ಒಂದು ಬಣ್ಣವನ್ನು, ದೀಪ್ತಿ ಆರಿದ ರೂಪದಲ್ಲಿ, ಹೈಡ್ರೋಜನ್ ಪೆರಾಕ್ಸೈಡನ್ನು ಅಳೆಯಲು ಬಳಸಿದರು. ಚುರುಕು ಅಣು ತಾಗಿ ಉತ್ಕರ್ಷಣ ನಡೆದರೆ ದೀಪ ಹೊತ್ತಿಕೊಳ್ಳುತ್ತದೆ. ಮುಂದೆ ಇದನ್ನು ಕೋಶಗಳಲ್ಲಿಯೂ ಹೇರಳವಾಗಿ ಬಳಸಿದರು. ಆದರೆ ಇದಕ್ಕೊಂದು ದೊಡ್ಡ ಕೊರತೆಯಿತ್ತು. ಬಾಗಿಲು ತಟ್ಟಿದವರು ಯಾರೆಂದು ನೋಡದೆ ‘ಯಾರೋ ಬಂದರು’ ಎಂದು ಕೂಗುವ ಕಾವಲುಗಾರನಂತೆ, ಇದು ನಾನಾ ಬಗೆಯ ಅಣುಗಳಿಗೆ ಒಂದೇ ರೀತಿ ಹೊಳೆಯುತ್ತಿತ್ತು. ಪರೀಕ್ಷಿಸುವ ಬೆಳಕಿಗೇ ಹೊಳೆಯುವುದೂ ಉಂಟು. ಒಂದೇ ಅಣುವಿಗೆ ಓಗೊಡುವ ಶೋಧಕ ಬೇಕಾಗಿತ್ತು.

ಇದಕ್ಕೆ ದಾರಿ ತೋರಿದವರಲ್ಲಿ ರೋಜರ್ ತ್ಸಿಯನ್ ಮುಖ್ಯರು. ಕೋಶದ ಪೊರೆಯನ್ನು ದಾಟಲಾರದ ಬಣ್ಣಕ್ಕೆ ಒಂದು ಮುಸುಕು ಹೊದಿಸಿ ಒಳಕ್ಕೆ ಕಳುಹಿಸಿದರೆ, ಕೋಶದ ಕಿಣ್ವಗಳೇ ಮುಸುಕು ತೆಗೆಯುತ್ತವೆ ಎಂಬುದನ್ನು ಅವರು 1981ರಲ್ಲಿ ತೋರಿಸಿದರು. ಅವರು ಅಳೆದದ್ದು ಕ್ಯಾಲ್ಸಿಯಂ. ಉಪಾಯ ಮಾತ್ರ ಎಲ್ಲರಿಗೂ ಒದಗಿತು. ಜಪಾನಿನಲ್ಲಿ ತೆತ್ಸುವೊ ನಗಾನೊ ಅವರ ತಂಡ 1998ರಲ್ಲಿ ನೈಟ್ರಿಕ್ ಆಕ್ಸೈಡಿಗೆ ಶೋಧಕವನ್ನು ತಯಾರಿಸಿತು. ಅಮೆರಿಕದ ಕ್ರಿಸ್ಟೋಫರ್ ಚಾಂಗ್ ಮತ್ತು ಸಂಗಡಿಗರು 2004ರಲ್ಲಿ, ಬಣ್ಣದ ಅಣುವಿಗೆ ಬೋರಾನಿನ ಬೀಗ ಹಾಕಿ, ಹೈಡ್ರೋಜನ್ ಪೆರಾಕ್ಸೈಡ್ ಎಂಬ ಕೀಲಿಗೆ ಮಾತ್ರ ತೆರೆಯುವಂತೆ ಮಾಡಿದರು. ಅಂಬಲಿ ಮೀನಿನ ಹಸುರು ದೀಪ್ತಿಯ ಪ್ರೋಟೀನಿಗಾಗಿ 2008ರಲ್ಲಿ ಒಸಾಮು ಶಿಮೊಮುರ, ಮಾರ್ಟಿನ್ ಚಾಲ್ಫಿ ಮತ್ತು ತ್ಸಿಯನ್ ಮೂವರಿಗೂ ನೊಬೆಲ್ ಪಾರಿತೋಷಕ ಬಂತು.

ಈ ಹೊಳೆ ಬೆಂಗಳೂರಿಗೂ ಹರಿದುಬಂತು. ಚೆನ್ನೈಯ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಬಿ.ಎಸ್‌ಸಿ. ಮುಗಿಸಿ, ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದ ಯಾಮುನಾ ಕೃಷ್ಣನ್ ಅವರು ಕೃಷಿ ವಿಶ್ವವಿದ್ಯಾನಿಲಯದ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಕೆಲಸ ಮಾಡಿದರು. ತಂದೆತಾಯಿಗಳ ಗುಣವನ್ನು ಮಕ್ಕಳಿಗೆ ಒಯ್ಯುವ ಡಿ.ಎನ್.ಎ. ಎಳೆಗಳನ್ನೇ ಹೆಣೆದು ಅವರ ತಂಡ ಒಂದು ಸೂಕ್ಷ್ಮ ಯಂತ್ರವನ್ನು ಮಾಡಿತು. ಅದು ಬದುಕಿರುವ ಕೋಶದೊಳಗೆ ಎಲ್ಲಿ ಎಷ್ಟು ಹುಳಿಯಿದೆ, ಅಂದರೆ ಆಮ್ಲೀಯತೆಯಿದೆ ಎಂಬುದನ್ನು ಬಣ್ಣದಿಂದ ತಿಳಿಸುತ್ತದೆಂದು 2009ರಲ್ಲಿ ಪ್ರಕಟವಾಯಿತು. ಮುಂದೆ ಅವರು ಅಮೆರಿಕದ ಷಿಕಾಗೊ ವಿಶ್ವವಿದ್ಯಾನಿಲಯಕ್ಕೆ ಹೋದರು. ರೋಗಾಣುವನ್ನು ಕೊಲ್ಲಲು ಕೋಶವು ಉತ್ಪಾದಿಸುವ ಹೈಪೋಕ್ಲೋರಸ್ ಆಮ್ಲವನ್ನು, ಎಂದರೆ ಬ್ಲೀಚಿಂಗ್ ಪುಡಿಯ ಸತ್ವವನ್ನೇ, ಗುರುತಿಸುವ ಶೋಧಕವನ್ನು 2019ರಲ್ಲಿ ಅಲ್ಲಿ ಅವರ ತಂಡ ಪ್ರಕಟಿಸಿತು.

ಬೆಂಗಳೂರಿನ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರವಿದೆ. ಕನ್ನಡಿಗರ ಹೆಮ್ಮೆಯ ಸಿ. ಎನ್. ಆರ್. ರಾವ್ ಅವರು ಅದರ ಸ್ಥಾಪಕ ಅಧ್ಯಕ್ಷರು. ಅಲ್ಲಿಯ ಟಿ. ಗೋವಿಂದರಾಜು ಅವರ ತಂಡ, ವಿಜ್ಞಾನ ಸಂಸ್ಥೆಯವರ ಜೊತೆಗೂಡಿ, 2016ರಲ್ಲಿ ಹೈಡ್ರೋಜನ್ ಪೆರಾಕ್ಸೈಡಿಗೆ ಒಂದು ಹೊಸ ಶೋಧಕವನ್ನು ಪ್ರಕಟಿಸಿತು. ಅದರಲ್ಲಿಯೂ ಬೋರಾನಿನ ಬೀಗವಿದೆ. ಪೆರಾಕ್ಸೈಡ್ ಬೀಗ ತೆರೆದ ಮೇಲೆ ಅಣು ಹೋಗಿ ಡಿ.ಎನ್.ಎ.ಯ ಓಣಿಯಲ್ಲಿ ಕೂತು ಅವಕೆಂಪಿನ ಸಮೀಪದ ಬೆಳಕನ್ನು ಬೀರುತ್ತದೆ. ನೇರಳೆ ಬೆಳಕಿಗಿಂತ ಇಂಥ ಬೆಳಕು ಮಾಂಸಖಂಡವನ್ನು ಸುಲಭವಾಗಿ ಹಾದುಬರುತ್ತದೆ.

ಇದರಿಂದ ಬಡವನಿಗೇನು ಲಾಭವೆಂದು ಕೇಳುವವರು ಕ್ಷಯರೋಗದ ಕಥೆಯನ್ನು ಕೇಳಬೇಕು. ತಾಂಬರಂ ಪಕ್ಕದ ರೈಲು ನಿಲ್ದಾಣಕ್ಕೆ ಇಂದಿಗೂ ಸ್ಯಾನಿಟೋರಿಯಂ ಎಂದೇ ಹೆಸರು. ನಮ್ಮ ಅಜ್ಜಂದಿರ ಕಾಲದಲ್ಲಿ ಕ್ಷಯವೆಂದರೆ ಮನೆಮಂದಿಯನ್ನು ಬಿಟ್ಟು ಸ್ಯಾನಿಟೋರಿಯಂ ಸೇರಬೇಕು, ಇಲ್ಲವೆ ಸಾಯಬೇಕು ಎಂಬಂತಿತ್ತು. 1956ರಲ್ಲಿ ಮದರಾಸಿನಲ್ಲಿ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರ ಪ್ರಾರಂಭವಾಯಿತು. ಮನೆಯಲ್ಲಿದ್ದುಕೊಂಡೇ ಔಷಧ ಸೇವಿಸಿದ ಬಡ ರೋಗಿಗಳೂ ಸ್ಯಾನಿಟೋರಿಯಂ ಸೇರಿದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆಂದು ಅದು 1959ರಲ್ಲಿ ಜಗತ್ತಿಗೆ ಸಾರಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಆದರೆ ಔಷಧವನ್ನು ತಿಂಗಳುಗಟ್ಟಲೆ ಬಿಡದೆ ಸೇವಿಸಬೇಕೆಂಬ ಕಷ್ಟ ಉಳಿಯಿತು. ಕೆಲವು ರೋಗಾಣುಗಳು ಔಷಧಕ್ಕೆ ಬಗ್ಗದೆ ಅಡಗಿ ಕೂರುವುದು ಇದಕ್ಕೆ ಒಂದು ಕಾರಣ.

ಹೀಗೆ ಅಡಗಿದವು ಯಾವುವೆಂದು ಗುರುತಿಸಲು ಅಮಿತ್ ಸಿಂಗ್ ಅವರ ತಂಡ ರೋಗಾಣುವಿನೊಳಗೇ ಒಂದು ದೀಪ್ತಿಯ ಪ್ರೋಟೀನನ್ನು ಇರಿಸಿತು. ಉತ್ಕರ್ಷಣದ ಏರಿಳಿತಕ್ಕೆ ಸರಿಯಾಗಿ ಅದರ ದೀಪ್ತಿ ಬದಲಾಗುತ್ತದೆ. 2014ರಲ್ಲಿ ಈ ಉಪಾಯ ಪ್ರಕಟವಾಯಿತು. ಅವರು ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ 2019ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ರೋಗಾಣುವನ್ನು ನುಂಗಿದ ಕೋಶದೊಳಗಿನ ಹುಳಿಯೇ ಕೆಲವು ರೋಗಾಣುಗಳಿಗೆ ಔಷಧವನ್ನು ತಾಳುವ ಬಲ ಕೊಡುತ್ತದೆ. ಆ ಹುಳಿಯನ್ನು ತಗ್ಗಿಸುವ ಕ್ಲೋರೋಕ್ವಿನ್ ಎಂಬ ಔಷಧವನ್ನು ಕ್ಷಯದ ಮದ್ದಿನೊಡನೆ ಕೊಟ್ಟಾಗ ಇಲಿಗಳಲ್ಲಿಯೂ ಗಿನಿ ಹಂದಿಗಳಲ್ಲಿಯೂ ಫಲ ಹೆಚ್ಚಿತು. ಮನುಷ್ಯರ ಚಿಕಿತ್ಸೆಯಲ್ಲಿ ಇದು ರೂಢಿಗೆ ಬಂದಿಲ್ಲ. ಯಾರೂ ತಾವಾಗಿ ಈ ಔಷಧ ಸೇವಿಸಬಾರದು. ಕ್ಲೋರೋಕ್ವಿನ್ ಎಂದರೆ ಚಳಿಜ್ವರಕ್ಕೆ ಕ್ವಿನೈನಿನ ತರುವಾಯ ಬಂದ ಮದ್ದು. 1852ರಲ್ಲಿ ಸ್ಟೋಕ್ಸರ ಕೊಳವೆಯಲ್ಲಿ ಬೆಳಗಿದ ಔಷಧದ ಕುಲದವನೇ ಮತ್ತೆ ಸಹಾಯಕ್ಕೆ ಬಂದುದನ್ನು ವಾಚಕರು ಗಮನಿಸಿಯಾರು.

ಕೊನೆಯದಾಗಿ ವಜ್ರದ ಸಮಾಚಾರ. 2005ರ ಹೊತ್ತಿಗೆ ತೈವಾನಿನ ವಿಜ್ಞಾನಿಗಳು ಅತಿ ಸೂಕ್ಷ್ಮ ವಜ್ರದ ಕಣಗಳು ಕೋಶಕ್ಕೆ ಕೇಡು ಮಾಡದೆ, ಮಾಸದೆ ಕೆಂಪಗೆ ಬೆಳಗುವುದನ್ನು ತೋರಿಸಿದರು. ವಜ್ರದ ಹರಳಿನಲ್ಲಿ ಸಾರಜನಕದ ಪರಮಾಣು ಸೇರಿಕೊಂಡು ಅದರ ಪಕ್ಕ ಒಂದು ಸ್ಥಾನ ಖಾಲಿಯಾದರೆ, ಆ ದೋಷವೇ ದೀಪವಾಗುತ್ತದೆ. ಚುರುಕು ಅಣುಗಳಲ್ಲಿ ಕೆಲವಕ್ಕೆ ಜೊತೆಯಿಲ್ಲದ ಒಂಟಿ ಎಲೆಕ್ಟ್ರಾನಿರುವುದರಿಂದ ಅವು ಪುಟ್ಟ ಅಯಸ್ಕಾಂತಗಳಂತೆ ವರ್ತಿಸಿ, ವಜ್ರದ ಈ ದೀಪ್ತಿಯನ್ನು ಅಲುಗಿಸುತ್ತವೆ. 2021ರಲ್ಲಿ ನೆದರ್ಲೆಂಡ್ಸಿನ ಗ್ರೋನಿಂಗೆನ್ನಿನ ವಿಜ್ಞಾನಿಗಳು ಇದೇ ಕ್ರಮದಿಂದ ಕೋಶದ ಶಕ್ತಿಕೇಂದ್ರಗಳ ಬಳಿಯಲ್ಲಿ ಚುರುಕು ಅಣುಗಳನ್ನು ಅಳೆದರು. ಅನ್ನಾ ಮಣಿಯವರು ಬೆಂಗಳೂರಿನಲ್ಲಿ ಹಿಡಿದ ದೀಪ್ತಿಯೂ ಈ ಕೆಂಪು ದೀಪ್ತಿಯೂ ಒಂದೇ ಎಂದು ನಾವು ಹೇಳುವುದಿಲ್ಲ. ಆದರೆ ವಜ್ರದ ಬೆಳಕು ಶ್ರಮಕ್ಕೆ ತಕ್ಕ ವಿಷಯವೆಂದು ನಂಬಿ ಇಪ್ಪತ್ತು ಗಂಟೆ ಕಾದು ಕುಳಿತವರಲ್ಲಿ ಅವರೂ ಒಬ್ಬರು.

ಮದರಾಸಿನಲ್ಲಿ ಓದು, ಬೆಂಗಳೂರಿನಲ್ಲಿ ಸಂಶೋಧನೆ ಎಂಬ ಈ ನಂಟು ಕನ್ನಡಿಗರಿಗೆ ಹೊಸದಲ್ಲ. ಬಳ್ಳಾರಿ 1953ರ ವರೆಗೆ, ದಕ್ಷಿಣ ಕನ್ನಡ 1956ರ ವರೆಗೆ ಮದರಾಸಿಗೇ ಸೇರಿದ್ದವು. ಬೆಂಗಳೂರಿನಿಂದ ಇಲ್ಲಿಗೆ ಬಂದು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಬಿ. ಜಿ. ಎಲ್. ಸ್ವಾಮಿಯವರು ವಿಜ್ಞಾನವನ್ನು ಕನ್ನಡದಲ್ಲಿ ನಗುನಗುತ್ತ ಹೇಳಬಹುದೆಂದು ತೋರಿಸಿಕೊಟ್ಟರು. ಹೀಗೆ ಜನ ಎರಡೂ ದಿಕ್ಕಿಗೆ ನಡೆದಿದ್ದಾರೆ; ಮಲೆಯಾಳಿಗಳು, ತಮಿಳರು, ಕನ್ನಡಿಗರು ಎಲ್ಲರೂ ನಡೆದಿದ್ದಾರೆ. ಮೈಸೂರು ಸಂಸ್ಥಾನ ವಿಜ್ಞಾನ ಸಂಸ್ಥೆಗೆಂದು ಕೊಟ್ಟ ನೆಲದಲ್ಲಿ ಅವರೆಲ್ಲರಿಗೂ ಜಾಗ ದೊರೆಯಿತು. ಕನ್ನಡ ನಾಡಿನ ಹಿರಿಮೆಯನ್ನು ಎಣಿಸುವಾಗ ಇದನ್ನೂ ಎಣಿಸತಕ್ಕದ್ದು.

ಬ್ಯಾಂಕಿನವರಾದ ನಮಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಸಲ್ಲಬೇಕಾದವರ ಖಾತೆಗೆ ಜಮೆಯಾಗದ ಮೊಬಲಗು ಎಷ್ಟು ವರ್ಷವಾದರೂ ಪುಸ್ತಕದಲ್ಲಿ ಬಾಕಿಯೆಂದೇ ಮುಂದುವರಿಯುತ್ತದೆ. ಅನ್ನಾ ಮಣಿಯವರ ಮಹಾಪ್ರಬಂಧವೂ ಅಂಥ ಒಂದು ಬಾಕಿ. ಪದವಿ ಕೊಡುವುದು ನಮ್ಮ ಕ್ಷಮತೆಗೆ ಮೀರಿದ್ದು. ಮನೆಯ ಮಕ್ಕಳಿಗೆ ಆ ಹೆಸರನ್ನು ಹೇಳುವುದು ಮಾತ್ರ ನಮ್ಮ ಕೈಯಲ್ಲಿದೆ. ಈ ರಾಜ್ಯೋತ್ಸವದ ದಿನ ಊಟವಾದ ಮೇಲೆ, ಒಂದು ನೂರು ರೂಪಾಯಿಯ ನೋಟನ್ನು ಹಿಡಿದು ಅದರ ಸಂಖ್ಯೆ ನೇರಳಾತೀತ ದೀಪದಡಿ ಏಕೆ ಹೊಳೆಯುತ್ತದೆಂಬುದರಿಂದ ಕಥೆ ಪ್ರಾರಂಭಿಸಿದರೆ ಮಕ್ಕಳು ಕೇಳದಿರಲಾರರು.